ವಯಸ್ಸಾದ ಅಪ್ಪ ಅಮ್ಮ ಎಲ್ಲಿದ್ರೆ ಚೆನ್ನ? ಊರ ಮನೆ, ಹಳೇ ಮೈಸೂರಿನ ಮನೆ, ಫ್ಲಾಟು, ಹೋಮು ಎಲ್ಲದರ ಲೆಕ್ಕ

ನಮ್ಮಪ್ಪನ್ನ ಪಾಂಡವಪುರದ ಹತ್ರದ ಊರಿಂದ ಮೈಸೂರಿಗೆ ಕರ್ಕೊಂಡ್ ಬಂದು ಮೂರನೇ ಫ್ಲೋರಿನ ನಮ್ಮ ಫ್ಲಾಟಲ್ಲಿ ಇಟ್ಕೊಂಡ ಹನ್ನೊಂದನೇ ದಿನ ಅವ್ರು ಕೇಳಿದ್ದು, "ಇಲ್ಲಿ ಮಾತಾಡ್ಸಕ್ಕೆ ಯಾರವ್ರೆ ಕಣವ್ವ, ಲಿಫ್ಟಾ?" ಅಂತ. ಎಲ್ರೂ ನಕ್ಕು ಸುಮ್ನಾದ್ವಿ. ನಾಲ್ಕು ತಿಂಗಳು ಕಳೆಯೋ ಹೊತ್ತಿಗೆ ನಗು ನಿಂತಿತ್ತು. ಊರಲ್ಲಿ ಬೆಳಗ್ಗೆ ಡೇರಿ, ಆಮೇಲೆ ಗದ್ದೆ ಬದ, ಸಂಜೆ ಅರಳಿಕಟ್ಟೆ ಅಂತ ಸುತ್ತಾಡ್ತಿದ್ದ ಮನುಷ್ಯ ಸೋಫಾದಿಂದ ಏಳೋಕೆ ಎರಡೂ ಕೈ ಊರೋ ಹಾಗಾಗಿದ್ರು, ಶುಗರ್ ಏರಿತ್ತು, ಹಗಲೆಲ್ಲ ತೂಕಡಿಕೆ ರಾತ್ರಿಯೆಲ್ಲ ಎಚ್ಚರ, ಮಾತು ಅಂತೂ ಹೂಂ ಉಹೂಂಗೆ ಬಂದು ನಿಂತಿತ್ತು. ಕಾಯಿಲೆ ಏನೂ ಹೊಸದಾಗಿ ಬಂದಿರ್ಲಿಲ್ಲ, ಬದಲಾಗಿದ್ದು ಮನೆ ಮಾತ್ರ.

ಅದೇ ವರ್ಷ ನಮ್ಮತ್ತೆ, ಅಂದ್ರೆ ನನ್ನ ಗಂಡನ ಅಮ್ಮ, ಮೈಸೂರಿನ ಒಂಟಿಕೊಪ್ಪಲಲ್ಲಿ ಐವತ್ತು ವರ್ಷದಿಂದ ಇರೋ ಅವರದೇ ಮನೇಲಿ, ಹಿಂದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಅಂದ್ರೆ ಪರಿಚಯದ ಮನೆ, ಪರಿಚಯದ ಬೀದಿ ಅಂತ ನಾವು ಯಾವುದನ್ನ ಹೊಗಳ್ತಿದ್ವೋ ಆ ಮನೇನೇ ಅವರನ್ನ ಬೀಳಿಸ್ತು. ಅದಕ್ಕೆ "ಹಳ್ಳಿನೇ ಸ್ವರ್ಗ" ಅನ್ನೋ ವಾಟ್ಸಾಪ್ ಮೆಸೇಜನ್ನೂ ನಾನು ನಂಬಲ್ಲ, "ಸಿಟೀಲಿ ಆಸ್ಪತ್ರೆ ಹತ್ರ, ಅದೇ ಸೇಫು" ಅನ್ನೋ ನಮ್ಮಣ್ಣನ ಮಾತನ್ನೂ ಪೂರ್ತಿ ಒಪ್ಪಲ್ಲ. ಎರಡು ಕಡೆ ಹಿರಿಯರನ್ನ ನೋಡ್ಕೊಂಡು, ಐದಾರು ಮನೆ, ವಯಸ್ಸಾದೋರನ್ನ ನೋಡ್ಕೊಳ್ಳೋ ಮೂರು ಹೋಮು ಸುತ್ತಿ ಬಂದ ಮೇಲೆ ನನಗೆ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ, ಯಾರಿಗಾದ್ರೂ ಆಗ್ಲಿ ಅಂತ.

ನಾನು ಯಾವ ಮನೆ ನೋಡಿದ್ರೂ ಈಗ ಎರಡೇ ಪ್ರಶ್ನೆ ಕೇಳ್ಕೋತೀನಿ. ಒಂದು, ಈ ಮನೆಯಿಂದ ಅವ್ರು ಯಾರ ಕೈನೂ ಹಿಡೀದೆ, ಯಾರನ್ನೂ ಕೇಳ್ದೆ, ತಾವಾಗೇ ಎದ್ದು ನಡ್ಕೊಂಡ್ ಹೋಗಿ ಬರೋ ಜಾಗ ಎಷ್ಟಿವೆ. ಎರಡು, ಬೆಳಗ್ಗೆ ಇವರ ಬಾಗಿಲು ತೆಗೀಲಿಲ್ಲ ಅಂದ್ರೆ ಅದು ಎಷ್ಟು ಗಂಟೆಗೆ ಯಾರಿಗೆ ಗೊತ್ತಾಗುತ್ತೆ. ಟೈಲ್ಸು, ಮಾಡ್ಯುಲರ್ ಕಿಚನ್ನು, ಕ್ಲಬ್ ಹೌಸು ಎಲ್ಲ ಆಮೇಲೆ.

ಊರ ಮನೆ

ಎರಡನೇ ಪ್ರಶ್ನೇಲಿ ಊರಿನ ಮನೆಗೆ ಫಸ್ಟ್ ಕ್ಲಾಸು. ನಮ್ಮಪ್ಪ ಬೆಳಗ್ಗೆ ಡೇರಿಗೆ ಹಾಲು ಹಾಕೋಕೆ ಹೋಗ್ಲಿಲ್ಲ ಅಂದ್ರೆ ಆರೂವರೆ ಏಳಕ್ಕೆಲ್ಲ ಯಾರಾದ್ರೂ ಒಬ್ರು "ಯಾಕ್ ಗೌಡ್ರೆ, ಎದ್ದಿಲ್ವಾ" ಅಂತ ಬಾಗಿಲಿಗೆ ಬಂದು ನಿಂತ್ಕೋತಾರೆ. ಇದನ್ನ ದುಡ್ಡು ಕೊಟ್ಟು ತಗೊಳ್ಳೋಕೆ ಆಗಲ್ಲ, ನಾನು ಸ್ಮಾರ್ಟ್ ವಾಚು ಕ್ಯಾಮೆರಾ ಎಲ್ಲ ನೋಡಿದ್ದೀನಿ, ಡೇರಿ ಮುಂದೆ ಅವು ಏನೂ ಅಲ್ಲ. ಊಟದ ವಿಷಯದಲ್ಲೂ ಊರೇ ಮುಂದೆ, ಹಲ್ಲಿಲ್ಲದೋರಿಗೆ ಮುದ್ದೆ ಉಪ್ಸಾರಿಗಿಂತ ಸುಲಭವಾಗಿ ಗಂಟಲಲ್ಲಿ ಇಳಿಯೋದು ಇನ್ನೊಂದಿಲ್ಲ, ಅಷ್ಟೊತ್ತಿಗೆ ಸರಿಯಾಗಿ ಉಂಡು ಅಷ್ಟೊತ್ತಿಗೆ ಮಲಗೋ ಅಭ್ಯಾಸಾನೂ ಅಲ್ಲೇ ಉಳಿಯುತ್ತೆ. ಇನ್ನು ನಡಿಗೆ. ಅರವತ್ತೈದು ದಾಟಿದೋರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಸ್ವಲ್ಪ ಬಿಸಿಯಾಗೋ ಹಾಗೆ ಓಡಾಡ್ಬೇಕು, ವಾರದಲ್ಲಿ ಮೂರು ದಿನನಾದ್ರೂ ಬ್ಯಾಲೆನ್ಸ್ ಗಟ್ಟಿ ಮಾಡೋ ವ್ಯಾಯಾಮ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಗದ್ದೆ ಬದದ ಮೇಲೆ ಒಂದೊಂದೇ ಹೆಜ್ಜೆ ಇಟ್ಕೊಂಡ್ ಹೋಗೋದಿದ್ಯಲ್ಲ ಅದೇ ಬ್ಯಾಲೆನ್ಸ್ ಕ್ಲಾಸು, ಫೀಸಿಲ್ಲ.

ಆದ್ರೆ ಊರ ಮನೆ ಒಳಗೆ ಏನಿದೆ ಅಂತ ನಾವು ನೋಡೋದೇ ಇಲ್ಲ, ಹಬ್ಬಕ್ಕೆ ಹೋಗಿ ಒಬ್ಬಟ್ಟು ತಿಂದು ಬರ್ತೀವಿ ಅಷ್ಟೇ. ಅಲ್ಲಿ ಮೊಣಕಾಲೆತ್ತರದ ಜಗಲಿ, ಎಡವೋ ಹಾಗೆ ಎತ್ತರದ ಹೊಸಿಲು, ಹಿತ್ತಲ ಆ ಕೊನೇಲಿ ಟಾಯ್ಲೆಟ್ಟು, ಮಧ್ಯೆ ದನದ ಗಂಜಲ ಹರಿದು ಜಾರೋ ಜಾಗ, ರಾತ್ರಿ ಎರಡಕ್ಕೆ ಕರೆಂಟಿಲ್ಲ ಅಂದ್ರೆ ಟಾರ್ಚು ಹುಡುಕ್ಕೊಂಡು ಹೋಗ್ಬೇಕು, ಪಕ್ಕದಲ್ಲೇ ಕಬ್ಬಿನ ಗದ್ದೆ ಇದ್ರೆ ಹಾವಿನ ಭಯ ಬೇರೆ. ನೀರು ಕಾಯಿಸೋ ಹಂಡೆ ಒಲೆ ಹೊಗೆ ನಲವತ್ತು ವರ್ಷ ಕುಡಿದಿರೋ ಎಷ್ಟೋ ಹೆಂಗಸರಿಗೆ ಬೀಡಿ ಸಿಗರೇಟು ಮುಟ್ಟದೇ ಇದ್ರೂ ಉಬ್ಬಸ, ಕೆಮ್ಮು, ಸಿಓಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆ ಬಂದಿರುತ್ತೆ, ಅದನ್ನ "ವಯಸ್ಸಾಯ್ತಲ್ಲ" ಅಂತ ತಳ್ಳಿ ಹಾಕ್ತಾರೆ. ಕಬ್ಬು ಕಡಿದ ಮೇಲೆ ತರಗು ಸುಡೋ ದಿನಗಳಲ್ಲಂತೂ ಊರಿನ ಗಾಳಿ ಶುದ್ಧ ಅನ್ನೋ ಮಾತನ್ನ ಬಾಯ್ಮುಚ್ಕೊಂಡು ವಾಪಸ್ ತಗೋಬೇಕು.

ಊರಿಗೆ ನಿಜವಾದ ಏಟು ಬೀಳೋದು ಟೈಮಿನ ವಿಷಯದಲ್ಲಿ. ಪಾರ್ಶ್ವವಾಯು ಹೊಡೆದಾಗ, ರಕ್ತ ಹೆಪ್ಪುಗಟ್ಟಿದ್ದನ್ನ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆ ಒಳಗೆ ಬೀಳ್ಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗ್ಬೇಕು. ಬಾಯಿ ಸೊಟ್ಟಗಾಗೋದು, ಒಂದು ಕೈ ಬಿದ್ದು ಹೋಗೋದು, ಮಾತು ತೊದಲೋದು ಇದ್ರಲ್ಲಿ ಯಾವುದು ಕಂಡ್ರೂ "ವಸಿ ಮಲಗ್ಲಿ ಸರಿ ಹೋಯ್ತದೆ" ಅಂತ ಬಿಟ್ಟು ಬೆಳಗ್ಗೆ ನೋಡೋಣ ಅಂದ್ರೆ ಆ ಗಂಟೆಗಳು ಹೋಗಿಬಿಡ್ತವೆ. 108ಕ್ಕೆ ಫೋನ್ ಮಾಡಿ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸಿಗೋ ಮೈಸೂರಿಗೋ ಹೋಗೋ ದಾರಿ ಎಷ್ಟೊತ್ತಿಂದು ಅಂತ ಒಂದ್ಸಲ ಸುಮ್ನೆ ಗಾಡಿ ಓಡಿಸಿ ನೋಡ್ಕೊಳ್ಳಿ. ಎದೆ ನೋವಾದ್ರೆ ಮೈಸೂರಲ್ಲಿ ಕೆಆರ್‌ಎಸ್ ರೋಡಿನ ಜಯದೇವ ಹೃದಯದ ಆಸ್ಪತ್ರೆ ಇದೆ, ಶ್ರೀರಂಗಪಟ್ಟಣ ಪಾಂಡವಪುರ ಕಡೆಯೋರಿಗೆ ಅದು ಪರವಾಗಿಲ್ಲ, ನಾಗಮಂಗಲದ ಆ ಕಡೆ ಊರಾದ್ರೆ ಲೆಕ್ಕ ಬೇರೆ. ಹೈವೇ ಪಕ್ಕದ ಊರುಗಳಿಗೆ ಇನ್ನೊಂದು ತಾಪತ್ರಯ, ಬೆಂಗಳೂರು ಮೈಸೂರು ಹೊಸ ರೋಡು ಬಂದ ಮೇಲೆ ಕಾರಿನೋರಿಗೆ ಸುಖ, ಆದ್ರೆ ಈ ಕಡೆ ಮನೆ ಆ ಕಡೆ ಜಮೀನು ಇರೋ ಮುದುಕ್ರು ಅಂಡರ್‌ಪಾಸ್ ಸುತ್ಕೊಂಡ್ ಹೋಗ್ಬೇಕು, ಸುತ್ತೋಕೆ ಆಗದೋರು ಹೋಗೋದನ್ನೇ ಬಿಟ್ರು.

ನನ್ನ ಲೆಕ್ಕದಲ್ಲಿ ಊರ ಮನೆ ಯಾರಿಗೆ ಸರಿ ಅಂದ್ರೆ, ಗಂಡ ಹೆಂಡತಿ ಇಬ್ರೂ ಇರ್ಬೇಕು ಇಲ್ಲಾ ಪಕ್ಕದಲ್ಲೇ ತಮ್ಮನ ಮನೆನೋ ಅಳಿಯನ ಮನೆನೋ ಇರ್ಬೇಕು, ಮನೆಗೆ ಅಂಟ್ಕೊಂಡ ಹಾಗೆ ಟಾಯ್ಲೆಟ್ ಕಟ್ಟಿಸಿರ್ಬೇಕು, ವಾರವಾರ ಡಯಾಲಿಸಿಸ್ಸು ಅಂತ ಆಸ್ಪತ್ರೆ ಓಡಾಟ ಇರಬಾರದು. ಸಿಟೀಲಿ ಫ್ಲಾಟಿಗೆ ಕೊಡೋ ದುಡ್ಡಲ್ಲಿ ಒಂದು ಚೂರು ತೆಗೆದು ಊರ ಬಚ್ಚಲು ರಿಪೇರಿ ಮಾಡಿಸಿದ್ರೆ ಎಷ್ಟೋ ಜನ ಊರಲ್ಲೇ ಇನ್ನೂ ಹತ್ತು ವರ್ಷ ಚೆನ್ನಾಗಿರ್ತಾರೆ, ಅದನ್ನ ಯಾರೂ ಮಾಡಲ್ಲ ಯಾಕಂದ್ರೆ ಊರ ಮನೆ ಮೇಲೆ ದುಡ್ಡು ಹಾಕೋದು ವೇಸ್ಟು ಅಂತ. ನಮ್ಮಮ್ಮ ಇದ್ದಾಗ ನಾವೂ ಹಾಗೇ ಅಂದಿದ್ವಿ.

ಹಳೇ ಮೈಸೂರಿನ ಮನೆ

ಮೈಸೂರಿನ ಹಳೇ ಬಡಾವಣೆಗಳ ಬಗ್ಗೆ ಒಂದು ವಿಷಯ ಹೇಳ್ಬೇಕು, ಇವು ಹುಟ್ಟಿದ್ದೇ ಆರೋಗ್ಯದ ಕಾರಣಕ್ಕೆ. 1890ರ ದಶಕದ ಕೊನೇಲಿ ಪ್ಲೇಗ್ ಬಂದು ಕೋಟೆ ಸುತ್ತಮುತ್ತ ಕಿಕ್ಕಿರಿದಿದ್ದ ಮನೆಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅಂತ ಮಾಡಿ, ಗಾಳಿ ಬೆಳಕು ಆಡೋ ಹಾಗೆ ಹೊಸ ಬಡಾವಣೆ ಹಾಕಿದ್ರು, ಅಗಲ ರೋಡು, ಮನೆ ಹಿಂದೆ ಕಸ ಕೊಳಚೆ ಸಾಗಿಸೋಕೆ ಅಂತ ಕನ್ಸರ್ವೆನ್ಸಿ ಗಲ್ಲಿ, ಅಲ್ಲಲ್ಲಿ ಪಾರ್ಕು. ನೂರು ವರ್ಷದ ಮೇಲೂ ಅದರ ಫಲ ನಮ್ಮ ಹಿರಿಯರು ತಿಂತಿದ್ದಾರೆ. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲ್ ಇಲ್ಲೆಲ್ಲ ಹಾಲಿನ ಬೂತು, ದೇವಸ್ಥಾನ, ಮೆಡಿಕಲ್ ಸ್ಟೋರು, ಹೂವಿನೋಳು, ಚಪ್ಪಲಿ ಹೊಲಿಯೋನು, ಎಲ್ಲ ಐದು ಹತ್ತು ನಿಮಿಷದ ನಡಿಗೆ. ನಮ್ಮತ್ತೆ ಬೀಳೋಕೆ ಮುಂಚೆ ದಿನಾ ಸಂಜೆ ಚೆಲುವಾಂಬ ಪಾರ್ಕಿಗೆ ಹೋಗಿ ಮೂರು ಜನ ಸ್ನೇಹಿತೆಯರ ಜೊತೆ ಬೆಂಚಲ್ಲಿ ಕೂತು ಸೊಸೆಯಂದಿರ ವಿಮರ್ಶೆ ಮಾಡಿ ಬರ್ತಿದ್ರು, ಡಾಕ್ಟರ್ ಬರ್ಕೊಟ್ಟ ಮಾತ್ರೆಗಿಂತ ಅದೇ ಅವರ ಬಿಪಿ ಹಿಡಿದಿಟ್ಟಿತ್ತು ಅಂತ ನನ್ನ ನಂಬಿಕೆ, ಸೊಸೆ ನಾನೇ ಆದ್ರೂ ಹೇಳ್ತಿದ್ದೀನಿ.

ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿ ಇರೋ ಹಳೇ ಮನೆ ಏಪ್ರಿಲಲ್ಲೂ ತಣ್ಣಗಿರುತ್ತೆ. ಇದು ಸುಮ್ನೆ ಸುಖದ ಮಾತಲ್ಲ, ವಯಸ್ಸಾದ ಹಾಗೆ ಬೆವರೋದು ಕಮ್ಮಿ, ಬಾಯಾರಿಕೆ ಗೊತ್ತಾಗೋದೂ ಕಮ್ಮಿ, ಬಿಪಿ ಮಾತ್ರೆಗಳಲ್ಲಿ ಕೆಲವು ಮೈಯಿಂದ ನೀರು ಹೊರಗೆ ಹಾಕ್ತವೆ, ಹೀಗಾಗಿ ಬಿಸಿಲಿಗೆ ಕಾದ ಕೋಣೇಲಿ ಮಧ್ಯಾಹ್ನ ಪೂರ್ತಿ ಮಲಗಿದ್ರೆ ಎದ್ದಾಗ ತಲೆಸುತ್ತಿ ಬೀಳೋದು, ಗಲಿಬಿಲಿ ಆಗೋದು ಎಲ್ಲ ಶುರುವಾಗುತ್ತೆ.

ಕೆಟ್ಟದ್ದು ಏನಂದ್ರೆ ಈ ಮನೆಗಳನ್ನ ಕಟ್ಟಿದಾಗ ಯಾರೂ ಎಂಬತ್ತು ವರ್ಷದ ಒಂಟಿ ಹೆಂಗಸಿಗೆ ಅಂತ ಕಟ್ಟಿದ್ದಲ್ಲ. ಮುಂದೆ ನಾಲ್ಕು ಮೆಟ್ಲು, ಹಿಡ್ಕೊಳ್ಳೋಕೆ ಏನೂ ಇಲ್ಲ. ಕೋಣೆಯಿಂದ ಕೋಣೆಗೆ ಹೊಸಿಲು. ಬಚ್ಚಲು ಇರೋದು ಮನೆಯ ಆ ಕೊನೇಲಿ, ರೆಡ್ ಆಕ್ಸೈಡ್ ನೆಲ ಒಣಗಿದ್ರೆ ಚಿನ್ನ, ಸೋಪಿನ ನೀರು ಬಿದ್ರೆ ಗಾಜು. ಬೆಳಕು ಅಂದ್ರೆ ನಡುಮನೇಲಿ ಒಂದು ಟ್ಯೂಬ್‌ಲೈಟು, ಅರವತ್ತರ ಕಣ್ಣಿನ ಒಳಪರದೆಗೆ ಸೇರೋ ಬೆಳಕು ಇಪ್ಪತ್ತರ ಕಣ್ಣಿಗೆ ಸೇರೋದರ ಸುಮಾರು ಮೂರನೇ ಒಂದು ಭಾಗ ಅಷ್ಟೇ, ನಮಗೆ ಸಾಕಾಗಿರೋ ಬೆಳಕಲ್ಲಿ ಅವರಿಗೆ ಮೆಟ್ಲ ಅಂಚೇ ಕಾಣಲ್ಲ. ಇದ್ರ ಜೊತೆ ಅಕ್ಕಪಕ್ಕದ ಮನೆಗಳೆಲ್ಲ ಒಂದೊಂದಾಗಿ ಪಿಜಿ, ಕ್ಲಿನಿಕ್, ಕಾಫಿ ಶಾಪ್ ಆಗ್ತಿವೆ, ಮಕ್ಕಳೆಲ್ಲ ಅಮೆರಿಕಾ ಬೆಂಗಳೂರು ಸೇರಿದ್ದಾರೆ, ಬಾಗಿಲು ತೆಗೀಲಿಲ್ಲ ಅಂದ್ರೆ ಗೊತ್ತಾಗೋದು ಈಗ ಕೆಲಸದೋಳು ಬಂದಾಗಲೇ. ನಮ್ಮತ್ತೆ ಬಿದ್ದಿದ್ದು ಬೆಳಗ್ಗೆ ಐದೂವರೆಗೆ, ಕೆಲಸದ ಹುಡುಗಿ ಬಂದಿದ್ದು ಎಂಟೂಕಾಲಿಗೆ. ಹತ್ತೇ ನಿಮಿಷದ ದೂರದ ಫ್ಲಾಟಲ್ಲಿ ನಾವಿದ್ವಿ, ಮಲಗಿದ್ವಿ.

ಮನೆ ಸೈಟಿನ ಬೆಲೆ ಏರಿರೋದೂ ಹಿರಿಯರ ಆರೋಗ್ಯದ ವಿಷಯನೇ, ನಗಬೇಡಿ. "ಖಾತೆ ನಮ್ಮ ಹೆಸರಿಗೆ ಮಾಡ್ಬಿಡಿ, ನಾವು ನೋಡ್ಕೋತೀವಿ" ಅನ್ನೋ ಮಾತು ಶುರುವಾದ ಮನೇಲಿ ಯಾರಿಗೂ ನಿದ್ದೆ ಬರಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಬರ್ಕೊಟ್ಟ ಆಸ್ತಿನ, ನೋಡ್ಕೊಳ್ಳದಿದ್ರೆ ಟ್ರಿಬ್ಯೂನಲ್ಲು ರದ್ದು ಮಾಡ್ಬೋದು, ಅಸಿಸ್ಟೆಂಟ್ ಕಮಿಷನರ್ ಆಫೀಸಲ್ಲಿ ಅರ್ಜಿ ಕೊಡ್ಬೇಕು. ಆದ್ರೆ ಆ ಷರತ್ತನ್ನ ದಾನಪತ್ರದಲ್ಲೇ ಬಾಯಿಬಿಟ್ಟು ಬರೆಸಿದ್ರೆ ಜಗಳ ಕಮ್ಮಿ. ನನ್ನ ಸ್ವಂತ ಅಭಿಪ್ರಾಯ, ಬದುಕಿರೋವಾಗ ವಾಸದ ಮನೆ ದಾನ ಕೊಡಲೇಬಾರದು, ವಿಲ್ ಬರೆದಿಟ್ರೆ ಸಾಕು. ತೊಂದರೆ ಆಗಿದ್ರೆ 14567 ಅಂತ ಹಿರಿಯರ ಸಹಾಯವಾಣಿ ಇದೆ, ಫೋನ್ ನಂಬರಿನ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ.

ಮಕ್ಕಳ ಫ್ಲಾಟು

ಇದೇ ಎಲ್ರೂ ಮೊದಲು ಆರಿಸ್ಕೊಳ್ಳೋದು, ನಾವೂ ಆರಿಸ್ಕೊಂಡಿದ್ದು. ಒಳ್ಳೇದು ಇಲ್ಲ ಅನ್ನಲ್ಲ. ನೆಲ ಎಲ್ಲ ಒಂದೇ ಮಟ್ಟ, ಅಟ್ಯಾಚ್ ಬಾತ್‌ರೂಮು, ಕಮೋಡು, ಲಿಫ್ಟು, ಗೇಟಲ್ಲಿ ಸೆಕ್ಯುರಿಟಿ, ರಾತ್ರಿ ಏನಾದ್ರೂ ಆದ್ರೆ ಪಕ್ಕದ ರೂಮಲ್ಲೇ ಮಗಳು. ಮಂಡಿ ನೋವಿರೋರಿಗೆ, ಆಪರೇಷನ್ ಆಗಿ ಬಂದೋರಿಗೆ, ಮರೆವಿನ ಕಾಯಿಲೆ ಶುರುವಾಗಿ ಒಬ್ರೇ ಬಿಡೋಕಾಗದೋರಿಗೆ ಇದಕ್ಕಿಂತ ಬೇರೆ ದಾರಿ ಕಮ್ಮಿ.

ಆದ್ರೆ ರಿಂಗ್ ರೋಡಿನ ಆಚೆ ಇರೋ ಹೊಸ ಲೇಔಟುಗಳ ಫ್ಲಾಟನ್ನ ನನ್ನ ಮೊದಲನೇ ಪ್ರಶ್ನೆ ಇಟ್ಕೊಂಡು ನೋಡಿ. ಗೇಟಿಂದ ಆಚೆ ಬಂದ್ರೆ ಏನಿದೆ? ಫುಟ್‌ಪಾತ್ ಇಲ್ಲ, ಕಟ್ತಿರೋ ಬಿಲ್ಡಿಂಗಿನ ಜಲ್ಲಿ ರಾಶಿ, ಬೀದಿನಾಯಿ ಗುಂಪು, ಹಾಲು ಬೇಕಂದ್ರೂ ಗಾಡಿ ತೆಗೀಬೇಕು. ನಮ್ಮಪ್ಪ ಬಂದ ಮೊದಲ ವಾರ "ಹಾಲು ನಾನ್ ತತ್ತೀನಿ" ಅಂದ್ರು. ನಾನು, "ಯಾಕಪ್ಪ, ಆ್ಯಪಲ್ಲಿ ಹಾಕಿದ್ರೆ ಬಾಗ್ಲಿಗೇ ಬರುತ್ತೆ, ನೀವು ಆರಾಮಾಗಿರಿ" ಅಂದೆ. ಪೇಪರ್ ತರ್ತೀನಿ ಅಂದ್ರು, ಅದೂ ಬರುತ್ತೆ ಅಂದೆ. ಗಿಡಕ್ಕೆ ನೀರು ಹಾಕ್ತೀನಿ ಅಂದ್ರು, ಕೆಲಸದೋಳು ಹಾಕ್ತಾಳೆ ಬಿಡಿ ಅಂದೆ. ಆರಾಮಾಗಿರಿ ಆರಾಮಾಗಿರಿ ಅಂತ ಒಂದೊಂದೇ ಕೆಲಸ ಕಿತ್ಕೊಂಡು ಮನುಷ್ಯನ್ನ ಸೋಫಾಗೆ ಕಟ್ಟಿ ಹಾಕಿದ್ದು ನಾನೇ, ಲಿಫ್ಟಲ್ಲ.

ಆಮೇಲೆ ಇದರ ಬಗ್ಗೆ ಓದ್ತಾ ಇದ್ದಾಗ ಒಂದು ಹಳೇ ಪ್ರಯೋಗ ಸಿಕ್ತು. ಅಮೆರಿಕಾದ ಕನೆಕ್ಟಿಕಟ್‌ನ ಒಂದು ನರ್ಸಿಂಗ್ ಹೋಮಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನೋ ಇಬ್ರು ಮನಃಶಾಸ್ತ್ರಜ್ಞೆಯರು ಮಾಡಿ 1976ರಲ್ಲಿ ಪ್ರಕಟಿಸಿದ್ದು. ಒಂದು ಗುಂಪಿನ ಹಿರಿಯರಿಗೆ, ನಿಮ್ಮ ರೂಮು ಹೇಗಿರ್ಬೇಕು ಏನು ಮಾಡ್ಬೇಕು ಅಂತ ನೀವೇ ತೀರ್ಮಾನಿಸಿ ಅಂತ ಹೇಳಿ ಒಂದೊಂದು ಗಿಡ ಕೊಟ್ಟು ನೀವೇ ನೋಡ್ಕೊಳ್ಳಿ ಅಂದ್ರು. ಇನ್ನೊಂದು ಗುಂಪಿಗೂ ಗಿಡ ಕೊಟ್ರು, ಆದ್ರೆ ಸಿಬ್ಬಂದಿನೇ ನೀರು ಹಾಕ್ತಾರೆ, ನಿಮ್ಮ ಕ್ಷೇಮ ನಮ್ಮ ಜವಾಬ್ದಾರಿ ಅಂದ್ರು. ಮೂರು ವಾರ ಕಳೆದ ಮೇಲೆ ಮೊದಲ ಗುಂಪಿನೋರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡ್ರು. ಚಿಕ್ಕ ಪ್ರಯೋಗ, ಅದೊಂದರ ಮೇಲೆ ಎಲ್ಲ ನಿಲ್ಲಿಸೋಕಾಗಲ್ಲ, ಆದ್ರೂ ಓದ್ತಿದ್ದ ಹಾಗೆ ನಮ್ಮ ಬಾಲ್ಕನಿಯ ಕರಿಬೇವಿನ ಪಾಟು ಕಣ್ಮುಂದೆ ಬಂತು.

ಫ್ಲಾಟು ಅನಿವಾರ್ಯ ಅಂದ್ರೆ ಟಾಪ್ ಫ್ಲೋರ್ ಬೇಡ, ತಾರಸಿ ಬಿಸಿ ನೇರ ಇಳಿಯುತ್ತೆ. ಕರೆಂಟ್ ಹೋದಾಗ ಲಿಫ್ಟಿಗೆ ಬ್ಯಾಕಪ್ ಇದೆಯಾ, ಸ್ಟ್ರೆಚರ್ ಆ ಲಿಫ್ಟಲ್ಲಿ ಹಿಡಿಸುತ್ತಾ ಅಂತ ನೋಡಿ, ಬಹಳ ಕಡೆ ಹಿಡಿಸಲ್ಲ. ಅವರ ರೂಮಿನ ಕಿಟಕಿಯಿಂದ ರೋಡೋ ಮರವೋ ಜನವೋ ಏನಾದ್ರೂ ಕಾಣ್ಬೇಕು, ಪೈಪುಗಳು ಇಳಿಯೋ ಡಕ್ಟಿನ ಕಡೆ ಕಿಟಕಿ ಇರೋ ರೂಮು ಅಪ್ಪ ಅಮ್ಮಂದು ಅಂತ ಮಾಡೋದು ನಾನು ಎಷ್ಟೋ ಮನೇಲಿ ನೋಡಿದ್ದೀನಿ. ಟಿವಿ ಜೋರಾಗಿಡ್ತಾರೆ ಅಂತ ಜಗಳ ಆಗ್ತಿದ್ರೆ ಜಗಳ ನಿಲ್ಲಿಸಿ ಕಿವಿ ಟೆಸ್ಟ್ ಮಾಡಿಸಿ, ಮಾನಸಗಂಗೋತ್ರಿ ಹತ್ರ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರ್ತಾರೆ, ಮೈಸೂರಲ್ಲೇ ಇರೋ ನಾವು ಹೋಗಲ್ಲ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಗೆ, ಅಂದ್ರೆ ಮರೆವಿನ ಕಾಯಿಲೆಗೆ, ದಾರಿ ಮಾಡೋ, ಆದ್ರೆ ನಾವು ತಡೀಬಹುದಾದ 14 ಕಾರಣ ಹೇಳುತ್ತೆ, ಅದರಲ್ಲಿ ಕಿವಿ ಮಂದ ಆಗೋದು, ಒಂಟಿತನ, ಕೆಟ್ಟ ಗಾಳಿ, ಸರಿ ಮಾಡಿಸದ ಕಣ್ಣಿನ ದೋಷ ಎಲ್ಲ ಇವೆ. ಮನೆ ಬದಲಾಯಿಸೋವಾಗ ಇವೇ ನಾಲ್ಕು ಬದಲಾಗ್ತವೆ ನೋಡಿ.

ಪಾಳಿ ಮೇಲೆ ಇಟ್ಕೊಳ್ಳೋದು

ಎರಡು ತಿಂಗಳು ದೊಡ್ಡೋನ ಮನೆ, ಎರಡು ತಿಂಗಳು ಚಿಕ್ಕೋನ ಮನೆ, ಎರಡು ತಿಂಗಳು ಮಗಳ ಮನೆ. ಮಕ್ಕಳಿಗೆ ನ್ಯಾಯ, ಹಿರಿಯರಿಗೆ ಅನ್ಯಾಯ. ಪ್ರತಿ ಸಲ ರಾತ್ರಿ ಎದ್ದಾಗ ಬಾತ್‌ರೂಮ್ ಎಡಕ್ಕಾ ಬಲಕ್ಕಾ ಅಂತ ಯೋಚಿಸ್ಬೇಕು, ಮಾತ್ರೆ ಡಬ್ಬಿ ಅಲ್ಲೊಂದು ಇಲ್ಲೊಂದು, ಡಾಕ್ಟರ್ ಬೇರೆ ಬೇರೆ, ಒಬ್ರು ನಿಲ್ಲಿಸಿದ ಮಾತ್ರೆ ಇನ್ನೊಬ್ರು ಬರೀತಾರೆ. ಮರೆವು ಶುರುವಾಗಿರೋರಿಗೆ ಜಾಗ ಬದಲಾದ್ರೆ ಗಲಿಬಿಲಿ ಹೆಚ್ಚಾಗುತ್ತೆ, ಸಂಜೆ ಆಗ್ತಿದ್ದ ಹಾಗೆ "ಮನೆಗೋಗನ ನಡಿ" ಅಂತ ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಾರೆ. ಪಾಳಿ ಹಾಕ್ಲೇಬೇಕು ಅಂದ್ರೆ ಮಕ್ಕಳು ಪಾಳಿ ಮೇಲೆ ಬಂದು ಇರಲಿ, ಅವ್ರು ಒಂದೇ ಕಡೆ ಇರಲಿ.

ವೃದ್ಧಾಶ್ರಮ, ಸೀನಿಯರ್ ಹೋಮು

ವೃದ್ಧಾಶ್ರಮ ಅಂದ ತಕ್ಷಣ ಮಂಡ್ಯ ಕಡೆ "ಮಕ್ಕಳು ಸತ್ತೋಗವ್ರಾ" ಅಂತಾರೆ. ಆ ಮಾತಿಗೆ ಹೆದರಿ ಎಷ್ಟೋ ಜನ ಮನೇಲೇ ಇಟ್ಕೊಂಡು ಸರಿಯಾಗಿ ನೋಡ್ಕೊಳ್ಳೋಕಾಗ್ದೆ, ಬೆನ್ನಲ್ಲಿ ಹುಣ್ಣಾದ ಮೇಲೆ ಆಸ್ಪತ್ರೆಗೆ ಓಡ್ತಾರೆ. ನನಗೆ ಇದ್ರಲ್ಲಿ ಮಡಿವಂತಿಕೆ ಇಲ್ಲ, ಹಾಸಿಗೆ ಹಿಡಿದೋರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋಕೆ ರಾತ್ರಿಯೂ ಜನ ಬೇಕು, ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಅದು ಆಗಲ್ಲ.

ಹೆಸರು ಒಂದೇ ಆದ್ರೂ ಮೂರು ಥರ ಇವೆ. ದಿಕ್ಕಿಲ್ಲದೋರಿಗೆ ಅಂತ ನಡೆಸೋ ಧರ್ಮಾರ್ಥದ ಆಶ್ರಮ, ತಿಂಗಳಿಗೆ ದುಡ್ಡು ಕಟ್ಟೋ ಹೋಮು, ಇನ್ನು ಮನೆ ಕೊಂಡ್ಕೊಂಡೋ ಲೀಸಿಗೆ ತಗೊಂಡೋ ಇರೋ ಸೀನಿಯರ್ ಲಿವಿಂಗು. ಮೂರನೇದು ನಡ್ಕೊಂಡು ಓಡಾಡೋ ಎಪ್ಪತ್ತರ ದಂಪತಿಗೆ ಚೆನ್ನ, ಅಡುಗೆ ತಾಪತ್ರಯ ಇಲ್ಲ, ವಯಸ್ಸಿನೋರ ಜೊತೆ ಚೌಕಾಬಾರ ಕೇರಂ ಭಜನೆ, ಬಾಗಿಲು ತೆಗೀಲಿಲ್ಲ ಅಂದ್ರೆ ತಿಂಡಿ ಹೊತ್ತಿಗೆ ಗೊತ್ತಾಗುತ್ತೆ. ಆದ್ರೆ ಊರಾಚೆ ಹತ್ತಾರು ಕಿಲೋಮೀಟರು ದೂರ ಇದ್ರೆ ಅಲ್ಲಿ ಎಲ್ರೂ ಮುದುಕ್ರೇ, ಸ್ಕೂಲಿಗೆ ಹೋಗೋ ಒಂದು ಮಗೂನೂ ಕಣ್ಣಿಗೆ ಬೀಳಲ್ಲ, ನಮ್ಮತ್ತೆ ಒಂದು ಜಾಗ ನೋಡಿ "ಚೆನ್ನಾಗಿದೆ, ರೈಲ್ವೆ ವೇಟಿಂಗ್ ರೂಮ್ ಇದ್ದ ಹಾಗಿದೆ" ಅಂದ್ರು.

ನೋಡೋಕೆ ಹೋದಾಗ ರಿಸೆಪ್ಷನ್ನಿನ ಸೋಫಾ ನೋಡಬೇಡಿ. ಊಟದ ಹೊತ್ತಿಗೆ ಹೇಳ್ದೆ ಹೋಗಿ. ಮೂತ್ರದ ವಾಸನೆ ಇದೆಯಾ, ರಾತ್ರಿ ಪಾಳೀಲಿ ಎಷ್ಟು ಜನಕ್ಕೆ ಎಷ್ಟು ಜನ ನೋಡ್ಕೊಳ್ಳೋರು, ನಡೀತಾ ಇರೋರು ಹಾಸಿಗೆ ಹಿಡಿದ್ರೆ ಇಲ್ಲೇ ಇಟ್ಕೋತಾರಾ ಇಲ್ಲಾ ಕರ್ಕೊಂಡೋಗಿ ಅಂತಾರಾ, ಮರೆವಿನ ಕಾಯಿಲೆ ಬಂದ್ರೆ ಏನು, ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್ಸು, ಎಲ್ಲ ಬರವಣಿಗೇಲಿ ಕೇಳಿ. ನಾನು ಹೋದ ಒಂದು ಕಡೆ ಡಿಪಾಸಿಟ್ ಬಗ್ಗೆ ಕೇಳಿದ್ದಕ್ಕೆ "ನಂಬಿಕೆ ಮೇಲೆ ನಡೀತಿದೆ ಮೇಡಂ" ಅಂದ್ರು, ಅಲ್ಲಿಂದ ಎದ್ದು ಬಂದ್ವಿ. ಮುಖ್ಯವಾಗಿ ಅಲ್ಲಿರೋರನ್ನ ಮಾತಾಡಿಸಿ, ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ.

ಹತ್ರದಲ್ಲೇ ಬೇರೆ ಮನೆ

ನಾವು ಕೊನೆಗೆ ಬಂದು ನಿಂತಿದ್ದು ಇದಕ್ಕೆ, ಮೊದಲೇ ಯಾಕೆ ಹೊಳೀಲಿಲ್ವೋ. ಮಕ್ಕಳ ಮನೆಯಿಂದ ನಡ್ಕೊಂಡ್ ಹೋಗೋ ದೂರದಲ್ಲಿ ಗ್ರೌಂಡ್ ಫ್ಲೋರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಅವರ ಬೀಗ ಅವರ ಕೈಲಿ. ಸರಸ್ವತೀಪುರಂ, ಕುವೆಂಪುನಗರ ಥರದ ಕಡೆ ಇಂಥದ್ದು ಸಿಗುತ್ತೆ, ಪಾರ್ಕು ಅಂಗಡಿ ಬಸ್ಸು ಎಲ್ಲ ಕೈಗೆಟುಕುತ್ತೆ. ಅದಕ್ಕೆ ನಾವೂ ರಿಂಗ್ ರೋಡ್ ಫ್ಲಾಟ್ ಬಾಡಿಗೆಗೆ ಕೊಟ್ಟು ಸರಸ್ವತೀಪುರಂಗೆ ಬಂದ್ವಿ, ಗಂಡನ ಆಫೀಸು ದೂರ ಆಯ್ತು, ಅದೊಂದು ಗೊಣಗಾಟ ಇದ್ದೇ ಇದೆ. ಖರ್ಚು ಜಾಸ್ತಿ, ಎರಡು ಬಾಡಿಗೆ ಎರಡು ಕರೆಂಟ್ ಬಿಲ್ಲು, ಒಬ್ರೇ ಇದ್ರೆ ರಾತ್ರಿ ಹೊತ್ತು ಚಿಂತೆನೂ ಇರುತ್ತೆ. ನಮ್ಮಲ್ಲಿ ಒಂದು ಏರ್ಪಾಡಿದೆ, ಬೆಳಗ್ಗೆ ಆರೂವರೆಗೆ ಅಪ್ಪ ಹಾಲು ತಂದು ನಮ್ಮ ಗೇಟಿಗೆ ಒಂದು ಪ್ಯಾಕೆಟ್ ಸಿಕ್ಕಿಸಿ ಹೋಗ್ತಾರೆ. ಪ್ಯಾಕೆಟ್ ಬರ್ಲಿಲ್ಲ ಅಂದ್ರೆ ನಾನು ಹೋಗ್ತೀನಿ. ಅವರ ಪ್ರಕಾರ ಅವ್ರು ನಮಗೆ ಹಾಲು ತಂದ್ಕೊಡ್ತಿದ್ದಾರೆ, ನನ್ನ ಪ್ರಕಾರ ಅದು ಊರಿನ ಡೇರಿ.

ತಿಂಗಳಿಗೆ ಎರಡು ಸಲ ಊರಿಗೆ ಬಸ್ಸಲ್ಲಿ ಹೋಗಿ ಬರ್ತಾರೆ, ಅರವತ್ತು ದಾಟಿದೋರಿಗೆ ಕೆಎಸ್‌ಆರ್‌ಟಿಸೀಲಿ ಟಿಕೆಟ್ಟಿಗೆ ಶೇಕಡಾ 25 ರಿಯಾಯ್ತಿ ಇದೆ. ಹೆಂಗಸರಿಗಂತೂ 2023ರ ಜೂನಿಂದ ಶಕ್ತಿ ಯೋಜನೇಲಿ ಪೂರ್ತಿ ಫ್ರೀ, ಅದರಿಂದ ಅಜ್ಜಿಯರ ಓಡಾಟ ಎಷ್ಟು ಜಾಸ್ತಿ ಆಗಿದೆ ಅಂತ ನಂಜನಗೂಡಿನ ಬಸ್ ಹತ್ತಿ ನೋಡಿ. ಮನೆ ಆರಿಸೋವಾಗ ಬಸ್ ಸ್ಟಾಪ್ ಎಷ್ಟು ದೂರ ಅನ್ನೋದನ್ನ ಮರೀಬೇಡಿ.

ಎಲ್ಲಿದ್ರೂ ಮಾಡಿಸಲೇಬೇಕಾದ್ದು

ಬಚ್ಚಲು. ಪ್ರಪಂಚದಲ್ಲಿ ಆಕಸ್ಮಿಕ ಗಾಯಗಳಿಂದ ಆಗೋ ಸಾವಲ್ಲಿ ಬೀಳೋದಕ್ಕೆ ಎರಡನೇ ಜಾಗ, ಮೊದಲನೇದು ರಸ್ತೆ ಅಪಘಾತ. ಕಮೋಡ್ ಪಕ್ಕ, ಸ್ನಾನದ ಜಾಗದ ಪಕ್ಕ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಸ್ಟೀಲ್ ಹಿಡಿಕೆ ಬೇಕು, ಟವೆಲ್ ರಾಡ್ ಹಿಡ್ಕೊಂಡ್ರೆ ಅದು ಕಿತ್ಕೊಂಡು ಬರುತ್ತೆ, ನಮ್ಮತ್ತೆ ಕೈಲಿ ಅವತ್ತು ಇದ್ದಿದ್ದು ಅದೇ. ಬಾಗಿಲು ಹೊರಗಡೆಗೆ ತೆರೀಬೇಕು, ಒಳಗಡೆಗೆ ತೆರೆಯೋ ಬಾಗಿಲಾದ್ರೆ ಬಿದ್ದೋರ ಮೈಯೇ ಅಡ್ಡ ಬಂದು ತೆಗೆಯೋಕಾಗಲ್ಲ. ಒಳಗಿನ ಅಗಳಿ ತೆಗೆಸಿ, ಹೊರಗಿಂದ ತೆಗೆಯೋಕಾಗೋ ಲಾಕ್ ಹಾಕಿಸಿ. ಕೂತು ಸ್ನಾನ ಮಾಡೋಕೆ ಕೈ ಇರೋ ಪ್ಲಾಸ್ಟಿಕ್ ಚೇರು, ಕಾಲಿಗೆ ರಬ್ಬರ್ ಬುಶ್ ಇರೋದು. ಮಂಚದಿಂದ ಬಚ್ಚಲ ತನಕ ದಾರೀಲಿ ಜೀರೋ ಬಲ್ಬು. ಮಂಚದ ಎತ್ತರ ಕೂತಾಗ ಪಾದ ನೆಲಕ್ಕೆ ಪೂರ್ತಿ ಊರೋ ಹಾಗೆ. ರಾತ್ರಿ ಎದ್ದ ತಕ್ಷಣ ನಡೀಬಾರದು, ಒಂದೆರಡು ನಿಮಿಷ ಮಂಚದ ಅಂಚಲ್ಲಿ ಕೂತು ಏಳ್ಬೇಕು, ಬಿಪಿ ಮಾತ್ರೆ ತಗೊಳ್ಳೋರಿಗೆ ಎದ್ದಾಗ ಬಿಪಿ ಇಳಿದು ತಲೆ ತಿರುಗುತ್ತೆ. ಸವೆದ ಹವಾಯಿ ಚಪ್ಪಲಿ ಕೇಳ್ದೆ ಎಸೀರಿ, ಕೇಳಿದ್ರೆ ಕೊಡಲ್ಲ.

ಯಾವ ಆಯ್ಕೆ ಮಾಡಿದ್ರೂ ಊರ ಮನೆ ಮಾರೋದು, ಹಳೇ ಮನೆ ಲೀಸಿಗೆ ಕೊಡೋದು ತಕ್ಷಣ ಮಾಡ್ಬೇಡಿ. ಮೂರು ತಿಂಗಳು ಇದ್ದು ನೋಡ್ಲಿ, ಆ ಮೂರು ತಿಂಗಳಲ್ಲಿ ಏಪ್ರಿಲ್ ಇರಲಿ. ಮತ್ತೆ ಮನೆ ನೋಡೋಕೆ ಹೋಗುವಾಗ ಅವರನ್ನ ಕರ್ಕೊಂಡೇ ಹೋಗಿ, ಹಗಲು ಒಂದ್ಸಲ, ಕತ್ತಲಾದ ಮೇಲೆ ಒಂದ್ಸಲ. ಸರಸ್ವತೀಪುರಂ ಮನೆ ನೋಡೋಕೆ ಹೋದಾಗ ನಾನು ಬಾಡಿಗೆ ಅಡ್ವಾನ್ಸು ಅಂತ ಓನರ್ ಜೊತೆ ಚೌಕಾಸಿ ಮಾಡ್ತಿದ್ದೆ, ಅಪ್ಪ ಒಳಗೆ ಹೋಗಿ ಬಚ್ಚಲ ನೆಲದ ಮೇಲೆ ಕಾಲುಜ್ಜಿ ನೋಡಿ, ಹೊರಗೆ ಬಂದು ಗೇಟ್ ಹತ್ರ ನಿಂತು ಆ ಕಡೆ ಈ ಕಡೆ ನೋಡಿ ಓನರನ್ನ ಕೇಳಿದ್ದು ಒಂದೇ ಮಾತು, "ಕಟಿಂಗ್ ಶಾಪು ಎಲ್ಲೈತೆ ಸ್ವಾಮಿ ಇಲ್ಲಿ?" ಮೂಲೆ ತಿರುಗಿದ್ರೆ ಇದೆ ಅಂದ್ರು ಅವ್ರು. "ಸರಿ, ಬೀಗ ಈಸ್ಕೊಳವ್ವ" ಅಂದ್ರು ಅಪ್ಪ.